ಎಲೆಕೋಸಿನ ತೋಟದಿಂದ ಈಡನ್ ಕಣಿವೆಗೆ

ಅಮೆರಿಕದಲ್ಲಿ ಹವ್ಯಾಸಕ್ಕಾಗಿ ದೊಡ್ಡ ರಾಕೆಟ್‌ಗಳನ್ನು ಹಾರಿಸುವ ಕ್ಲಬ್‌ಗಳಿವೆ. ಉಡಾವಣೆಯ ದಿನ ಅಲ್ಲಿ ಪಾಲಿಸುವ ನಿಯಮಗಳು ಬಹಳ ಕಟ್ಟುನಿಟ್ಟು. ಗಾಳಿಯ ವೇಗ ಗಂಟೆಗೆ 20 ಮೈಲಿ ದಾಟಿದರೆ ಹಾರಿಸುವಂತಿಲ್ಲ. ಪ್ಯಾಡಿನ ಸುತ್ತ ಒಣಹುಲ್ಲು ಇರಕೂಡದು. ಕಿಡಿ ಹೊತ್ತಿಸುವ ಸಾಧನವನ್ನು ರಾಕೆಟ್ ಪ್ಯಾಡ್ ತಲುಪಿದ ಮೇಲಷ್ಟೇ ಜೋಡಿಸಬೇಕು. ಗುಂಡಿ ಒತ್ತಿಯೂ ಹೊತ್ತಿಕೊಳ್ಳದಿದ್ದರೆ ಸಂಪರ್ಕ ತಪ್ಪಿಸಿ, 60 ಸೆಕೆಂಡು ಯಾರೂ ಹತ್ತಿರ ಸುಳಿಯಬಾರದು. ಓದಿದರೆ ಯಾವುದೋ ಕಚೇರಿಯ ಸುತ್ತೋಲೆಯಂತೆ ಕಾಣುತ್ತದೆ. ಇಂಥ ಯಾವ ಪುಸ್ತಕವೂ ಇಲ್ಲದ ಕಾಲದಲ್ಲಿ, ಒಂದೊಂದೇ ಪಾಠವನ್ನು ಬೆಂಕಿಯ ಪಕ್ಕದಲ್ಲೇ ನಿಂತು ಕಲಿತವರು ರಾಬರ್ಟ್ ಗೊಡಾರ್ಡ್.

ಅವರು ಹುಟ್ಟಿದ್ದು 1882ರ ಅಕ್ಟೋಬರ್ 5ರಂದು, ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ನಲ್ಲಿ. ಬಾಲ್ಯದಿಂದಲೂ ಕಾಯಿಲೆಯ ಮೈ. 17ನೇ ವಯಸ್ಸಿನಲ್ಲಿ ಒಂದು ದಿನ ಚೆರ್ರಿ ಮರ ಹತ್ತಿ ಒಣಗಿದ ಕೊಂಬೆ ಕತ್ತರಿಸುತ್ತಿದ್ದಾಗ, ಮಂಗಳ ಗ್ರಹಕ್ಕೆ ಹೋಗುವ ಯಂತ್ರವೊಂದನ್ನು ಕಲ್ಪಿಸಿಕೊಂಡರಂತೆ. ಅಂದು 1899ರ ಅಕ್ಟೋಬರ್ 19. ಆ ದಿನವನ್ನು ಅವರು ಜೀವನವಿಡೀ ನೆನಪಿಟ್ಟುಕೊಂಡರು. ಭೌತವಿಜ್ಞಾನ ಓದಿದರು, 1911ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1913ರಲ್ಲಿ ಕ್ಷಯ ತಗುಲಿ ಹಾಸಿಗೆ ಹಿಡಿದರು. ಮರುವರ್ಷವೇ ಎರಡು ಪೇಟೆಂಟ್ ಕೈಸೇರಿದವು: ಒಂದು ಹಂತ ಹಂತವಾಗಿ ಉರಿಯುವ ರಾಕೆಟ್ಟಿಗೆ, ಇನ್ನೊಂದು ದ್ರವ ಇಂಧನದ ರಾಕೆಟ್ಟಿಗೆ.

ಅಲ್ಲಿಯವರೆಗೆ ರಾಕೆಟ್ ಎಂದರೆ ಮದ್ದಿನಪುಡಿಯೇ. ಟಿಪ್ಪುವಿನ ಸೈನ್ಯ ಬಳಸಿದ ಕಬ್ಬಿಣದ ಕೊಳವೆಯ ರಾಕೆಟ್ಟೂ ಅದೇ ಜಾತಿಯದು. ಪುಡಿ ಒಮ್ಮೆ ಹೊತ್ತಿಕೊಂಡರೆ ಮುಗಿಯಿತು, ಅದನ್ನು ತಡೆಯುವ ದಾರಿಯಿಲ್ಲ. ಗೊಡಾರ್ಡ್ ಆರಿಸಿಕೊಂಡದ್ದು ಪೆಟ್ರೋಲ್ ಮತ್ತು ದ್ರವ ಆಮ್ಲಜನಕ. ಇಲ್ಲಿ ಶಕ್ತಿ ಹೆಚ್ಚು, ಹಿಡಿತವೂ ಸಾಧ್ಯ. ಆದರೆ ದ್ರವ ಆಮ್ಲಜನಕ ಕುದಿಯುವುದೇ ಸೊನ್ನೆಗಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದನ್ನು ಉರಿಯುವ ಬೆಂಕಿಯ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡಬೇಕು. ಹಾಗಾಗಿ ಅವರು ನೇರವಾಗಿ ಹಾರಿಸಲು ಹೋಗಲಿಲ್ಲ. ಮೊದಲು ಎಂಜಿನ್ನನ್ನು ಚೌಕಟ್ಟಿಗೆ ಬಿಗಿದು ಪ್ರಯೋಗಾಲಯದಲ್ಲೇ ಉರಿಸಿದರು. 1925ರ ಡಿಸೆಂಬರ್‌ನಲ್ಲಿ ಅದು ತನ್ನ ಭಾರವನ್ನು ತಾನೇ ಎತ್ತಿತು. ಆಮೇಲೆಯೇ ಬಯಲಿನ ಮಾತು.

1926ರ ಮಾರ್ಚ್ 16, ಆಬರ್ನ್‌ನಲ್ಲಿ ಎಫಿ ಅತ್ತೆಯ ಹೊಲ. ಎಲ್ಲೆಲ್ಲೂ ಹಿಮ. ಅಲ್ಲಿದ್ದವರು ನಾಲ್ಕೇ ಜನ: ಗೊಡಾರ್ಡ್, ಪತ್ನಿ ಎಸ್ತರ್, ಮೆಕ್ಯಾನಿಕ್ ಹೆನ್ರಿ ಸ್ಯಾಕ್ಸ್, ಸಹೋದ್ಯೋಗಿ ಪರ್ಸಿ ರೂಪ್. ರಾಕೆಟ್ ಸುಮಾರು 10 ಅಡಿ ಎತ್ತರ. ಎಂಜಿನ್ ಮೇಲೆ, ಟ್ಯಾಂಕುಗಳು ಕೆಳಗೆ. ಮೇಲಿಂದ ಬರುವ ಜ್ವಾಲೆ ಟ್ಯಾಂಕಿಗೆ ತಾಗದಂತೆ ಕಲ್ನಾರು ಹೊದಿಸಿದ ಶಂಕುವೊಂದನ್ನು ಇಟ್ಟಿದ್ದರು. ಬೆಂಕಿ ಹೊತ್ತಿಸುವ ಕೆಲಸ ಸ್ಯಾಕ್ಸ್‌ರದು, ಉದ್ದನೆಯ ಕೋಲಿನ ತುದಿಗೆ ಬ್ಲೋ ಟಾರ್ಚ್ ಕಟ್ಟಿಕೊಂಡು! ಇಂದಿನ ಯಾವ ಕ್ಲಬ್‌ನ ಸುರಕ್ಷತಾ ಅಧಿಕಾರಿ ನೋಡಿದರೂ ಅಂದಿನ ಕಾರ್ಯಕ್ರಮವನ್ನೇ ರದ್ದು ಮಾಡಿಯಾನು.

ಎಂಜಿನ್ ಹೊತ್ತಿಕೊಂಡಿತು, ರಾಕೆಟ್ ಮಾತ್ರ ಅಲುಗಲಿಲ್ಲ. ಕೆಲವು ಸೆಕೆಂಡುಗಳ ಕಾಲ ಗರ್ಜಿಸುತ್ತಾ ಅಲ್ಲೇ ನಿಂತಿತ್ತು. ಎಸ್ತರ್ ಕೈಯಲ್ಲಿದ್ದ ಸ್ಪ್ರಿಂಗ್ ಕ್ಯಾಮೆರಾ ಒಮ್ಮೆ ಕೀಲಿ ಕೊಟ್ಟರೆ ಓಡುವುದು 7 ಸೆಕೆಂಡು ಮಾತ್ರ. ರಾಕೆಟ್ ಮೇಲೇಳುವ ಹೊತ್ತಿಗೆ ಕೀಲಿ ಮುಗಿದಿತ್ತು. ಹೀಗಾಗಿ ಜಗತ್ತಿನ ಮೊದಲ ದ್ರವ ಇಂಧನ ರಾಕೆಟ್ ಹಾರಿದ್ದಕ್ಕೆ ಚಲನಚಿತ್ರದ ಸಾಕ್ಷಿಯೇ ಇಲ್ಲ. ಹಾರಾಟ ಎರಡೂವರೆ ಸೆಕೆಂಡು, ಎತ್ತರ 41 ಅಡಿ, ಬಿದ್ದದ್ದು 184 ಅಡಿ ದೂರದ ಎಲೆಕೋಸಿನ ತೋಟದಲ್ಲಿ.

ಈ ಸುದ್ದಿಯನ್ನು ಅವರು ಊರಿಗೆಲ್ಲ ಹೇಳಲಿಲ್ಲ. ಕಾರಣವಿತ್ತು. 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯವೊಂದರಲ್ಲಿ, ಗಾಳಿಯಿಲ್ಲದ ಕಡೆ ರಾಕೆಟ್ ಕೆಲಸ ಮಾಡದು ಎಂಬ ತಪ್ಪು ನಂಬಿಕೆಯಿಂದ, ಶಾಲೆಯ ಮಕ್ಕಳಿಗೆ ತಿಳಿದಿರುವಷ್ಟೂ ಈ ಪ್ರಾಧ್ಯಾಪಕನಿಗೆ ತಿಳಿಯದು ಎಂಬರ್ಥದಲ್ಲಿ ಹೀಗಳೆದಿತ್ತು. ನಿರ್ವಾತದಲ್ಲಿ ರಾಕೆಟ್ ಕೆಲಸ ಮಾಡುತ್ತದೆಂದು ಅವರು ಅದಾಗಲೇ ಪ್ರಯೋಗದಿಂದ ತೋರಿಸಿಯಾಗಿತ್ತು. ಆ ಗಾಯ ಮಾಯಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 1929ರ ಜುಲೈ 17ರಂದು. ಅದೇ ಹೊಲದಿಂದ ವಾಯುಭಾರ ಮಾಪಕ, ಉಷ್ಣತಾಮಾಪಕ, ಕ್ಯಾಮೆರಾ ಹೊತ್ತ ರಾಕೆಟ್ ಹಾರಿಸಿದರು. ಸದ್ದು ಸುತ್ತಲಿನ ಊರಿಗೆಲ್ಲ ಕೇಳಿಸಿತು. ವಿಮಾನ ಬಿದ್ದು ಉರಿಯುತ್ತಿದೆಯೆಂದು ಜನ ಗಾಬರಿಯಾದರು. ಪೊಲೀಸರು, ಆಂಬುಲೆನ್ಸ್, ಪತ್ರಕರ್ತರು ಎಲ್ಲರೂ ಹೊಲಕ್ಕೆ ಬಂದರು. ಯಾರಿಗೂ ಗಾಯವಾಗಿರಲಿಲ್ಲ. ಆದರೂ ರಾಜ್ಯದ ಅಗ್ನಿಶಾಮಕ ಅಧಿಕಾರಿ ಮ್ಯಾಸಚೂಸೆಟ್ಸ್‌ನಲ್ಲಿ ಇನ್ನು ರಾಕೆಟ್ ಹಾರಿಸಕೂಡದೆಂದು ನಿಷೇಧ ಹಾಕಿದರು. 46ರ ವಯಸ್ಸಿನಲ್ಲಿ, ಪ್ರಯೋಗ ಕೈಗೂಡುತ್ತಿರುವಾಗಲೇ ಇಡೀ ಕೆಲಸ ನಿಂತುಹೋಗುವ ಸ್ಥಿತಿ. ಅಧಿಕಾರಿಯದು ತಪ್ಪೆಂದು ನನಗನ್ನಿಸುವುದಿಲ್ಲ. ಅಕ್ಕಪಕ್ಕದವರಿಗೆ ಮುಂಚಿತವಾಗಿ ತಿಳಿಸದೆ, ಮನೆಗಳಿಗೆ ಸದ್ದು ಮುಟ್ಟುವಷ್ಟು ಹತ್ತಿರದಲ್ಲಿ ಹಾರಿಸಿದರೆ ಇನ್ನೇನಾದೀತು? ರಾಕೆಟ್ ಎಷ್ಟೇ ಒಳ್ಳೆಯದಿರಲಿ, ಜಾಗ ಸರಿಯಿಲ್ಲದಿದ್ದರೆ ಹಾರಿಸುವ ಹಕ್ಕೇ ಹೋಗುತ್ತದೆ.

ಕೈಹಿಡಿದವರು ವಿಮಾನಯಾನದ ವೀರ ಚಾರ್ಲ್ಸ್ ಲಿಂಡ್‌ಬರ್ಗ್. ಸುದ್ದಿ ತಿಳಿದು ಅದೇ ನವೆಂಬರ್‌ನಲ್ಲಿ ಬಂದು ಕಂಡರು. ಅವರ ಮಾತಿನ ಮೇಲೆ ಡೇನಿಯಲ್ ಗುಗೆನ್‌ಹೈಮ್ ನಾಲ್ಕು ವರ್ಷಕ್ಕೆ ಒಂದು ಲಕ್ಷ ಡಾಲರ್ ಕೊಡಲು ಒಪ್ಪಿದರು. ಈ ಸಲ ಗೊಡಾರ್ಡ್ ಮೊದಲು ಹುಡುಕಿದ್ದು ಜಾಗವನ್ನು. ಹವಾಮಾನ ಬಲ್ಲವರನ್ನು ಕೇಳಿದರು, ನಕಾಶೆ ಹರಡಿಕೊಂಡು ಕುಳಿತರು. ಮೋಡ ಕಡಿಮೆಯಿರಬೇಕು, ನೆಲ ಸಮತಟ್ಟಾಗಿರಬೇಕು, ಜನವಸತಿ ವಿರಳವಾಗಿರಬೇಕು. ಹೀಗೆ ಆಯ್ಕೆಯಾದದ್ದು ನ್ಯೂ ಮೆಕ್ಸಿಕೊದ ರೋಸ್‌ವೆಲ್. 1930ರ ಬೇಸಿಗೆಯಲ್ಲಿ ಮೆಕ್ಯಾನಿಕ್‌ಗಳ ಸಣ್ಣ ತಂಡದೊಂದಿಗೆ ಅಲ್ಲಿಗೆ ಹೋದರು.

ಊರಾಚೆಯ ಈಡನ್ ಕಣಿವೆಯಲ್ಲಿ 60 ಅಡಿಯ ಗೋಪುರ ಎದ್ದಿತು. ವೇಗ ಬರುವವರೆಗೆ ರಾಕೆಟ್ ನೆಟ್ಟಗಿರಲಿ ಎಂದು ಅದರೊಳಗೆ ದಾರಿ ತೋರುವ ಕಂಬಿಗಳು. ಇಂದಿನ ಕ್ಲಬ್‌ಗಳ ಉಡಾವಣಾ ಹಳಿ ಮಾಡುವುದೂ ಅದನ್ನೇ. ಕೋಲಿನ ತುದಿಯ ಬೆಂಕಿಯ ಕಾಲ ಮುಗಿದಿತ್ತು. 1,000 ಅಡಿ ದೂರದ ಗುಡಿಸಲಿನಲ್ಲಿ ಕುಳಿತು ತಂತಿಯ ಮೂಲಕ ಉಡಾವಣೆ ನಿಯಂತ್ರಿಸುತ್ತಿದ್ದರು. ಎಸ್ತರ್ ಫೋಟೊ ತೆಗೆಯುವುದರ ಜೊತೆಗೆ ಪ್ಯಾರಾಚೂಟ್ ಹೊಲಿದರು, ಹುಲ್ಲಿಗೆ ಹತ್ತಿದ ಕಿಚ್ಚು ಆರಿಸಿದರು. ಅದೇ ಡಿಸೆಂಬರ್ 30ರಂದು ರಾಕೆಟ್ 2,000 ಅಡಿ ಏರಿತು.

ಆಮೇಲೆ ಎಲ್ಲವೂ ಸುಸೂತ್ರವಾಯಿತೆಂದಲ್ಲ. ಆರ್ಥಿಕ ಕುಸಿತದಿಂದ 1932ರಲ್ಲಿ ಹಣ ನಿಂತು ಎರಡು ವರ್ಷ ವೂಸ್ಟರ್‌ಗೆ ಮರಳಬೇಕಾಯಿತು. ಪ್ಯಾರಾಚೂಟ್‌ಗಳು ಬಿಚ್ಚಿಕೊಳ್ಳುತ್ತಿರಲಿಲ್ಲ, ರಾಕೆಟ್ ವಾಲಿಕೊಂಡು ಅಡ್ಡ ಓಡುತ್ತಿತ್ತು. 1935ರಲ್ಲಿ ಲಿಂಡ್‌ಬರ್ಗ್ ಮತ್ತು ಹ್ಯಾರಿ ಗುಗೆನ್‌ಹೈಮ್ ದೂರದಿಂದ ನೋಡಲು ಬಂದಾಗ ರಾಕೆಟ್ ಹಾರಲೇ ಇಲ್ಲ. ಆದರೆ ಅದೇ ವರ್ಷದ ಮಾರ್ಚ್ 28ರಂದು, ತಿರುಗುವ ಗೈರೊಸ್ಕೋಪ್ ದಿಕ್ಕು ಸರಿಪಡಿಸುತ್ತಿದ್ದ ರಾಕೆಟ್ 4,800 ಅಡಿ ಏರಿತ್ತು. ಇವೆರಡೂ ಒಂದೇ ವರ್ಷದ ಕಥೆ ಎಂಬುದನ್ನು ನಾನಂತೂ ಮರೆಯಲಾರೆ. ಸಂದರ್ಶನದಲ್ಲಿ ಮಾತು ತಡವರಿಸಿ ಹೊರಬಂದವರಿಗೆ ಇದು ಅರ್ಥವಾಗುತ್ತದೆ.

ಅವರ ಒಂದು ಗುಣ ನನಗೆ ಹಿಡಿಸುವುದಿಲ್ಲ: ಗುಟ್ಟು. 1936ರಲ್ಲಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿ ಫ್ರಾಂಕ್ ಮಲಿನಾ ರೋಸ್‌ವೆಲ್‌ಗೆ ಹುಡುಕಿಕೊಂಡು ಹೋದರೂ ಕೆಲಸದ ವಿವರ ಹೆಚ್ಚೇನೂ ಸಿಗಲಿಲ್ಲ. ಮಲಿನಾ ಮತ್ತು ಗೆಳೆಯರು ಎಲ್ಲವನ್ನೂ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಇಂದಿನ ಹವ್ಯಾಸಿಗಳು ಯಾವ ರಾಕೆಟ್ ಏಕೆ ಬಿದ್ದಿತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಈ ಒಂದು ವಿಷಯದಲ್ಲಿ ಅವರು ಗೊಡಾರ್ಡ್‌ಗಿಂತ ಮುಂದಿದ್ದಾರೆ.

ಗಂಟಲಿನ ಕ್ಯಾನ್ಸರ್‌ನಿಂದ ಗೊಡಾರ್ಡ್ 1945ರ ಆಗಸ್ಟ್ 10ರಂದು ತೀರಿಕೊಂಡರು. ಅವರ 214 ಪೇಟೆಂಟ್‌ಗಳಲ್ಲಿ 131 ಬಂದದ್ದು ಸಾವಿನ ನಂತರ, ಟಿಪ್ಪಣಿಗಳನ್ನು ಜೋಡಿಸುತ್ತಾ ಕುಳಿತ ಎಸ್ತರ್‌ರಿಂದ. 1960ರಲ್ಲಿ ಸರ್ಕಾರ ಆ ಪೇಟೆಂಟ್‌ಗಳನ್ನು ಬಳಸಿದ್ದಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟಿತು. ಮನುಷ್ಯ ಚಂದ್ರನತ್ತ ಹೊರಟ ಮರುದಿನ, 1969ರ ಜುಲೈ 17ರಂದು, ನ್ಯೂಯಾರ್ಕ್ ಟೈಮ್ಸ್ ತನ್ನ ಹಳೆಯ ಮಾತಿಗೆ ತಿದ್ದುಪಡಿ ಪ್ರಕಟಿಸಿತು. ನಿಷೇಧಕ್ಕೆ ಕಾರಣವಾದ ಉಡಾವಣೆ ನಡೆದು ಅಂದಿಗೆ ಸರಿಯಾಗಿ 40 ವರ್ಷ. ಎಫಿ ಅತ್ತೆಯ ಹೊಲ ಮುಂದೆ ಗಾಲ್ಫ್ ಮೈದಾನವಾಯಿತು. ರಾಕೆಟ್ ಎದ್ದ ಜಾಗದಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ.