ಮಹಾರಾಣಿ ಲಕ್ಷ್ಮಮ್ಮಣ್ಣಿಯವರು

ಫ್ರಾನ್ಸಿನ ಕ್ರಾಂತಿಯನ್ನು ಕುರಿತು ಡಿಕನ್ಸನು 1859ರಲ್ಲಿ ಬರೆದ ಎರಡು ನಗರಗಳ ಕಾದಂಬರಿಯನ್ನು ಓದಿ ಮುಗಿಸಿದ ಸಂಜೆ ನಾನು ಮೈಸೂರಿನ ಅರಮನೆಯ ಮುಂದೆ ನಡೆದುಬರುತ್ತಿದ್ದೆ. ಆ ತ್ಯಾಗ, ಆ ಸೇಡು, ಆ ವಿಧಿ ಲಂಡನ್ ಪ್ಯಾರಿಸ್ಸುಗಳಿಗೇ ಮೀಸಲೇ? ನಮ್ಮಲ್ಲಿಯೂ ಎರಡು ನಗರಗಳುಂಟು: ಶ್ರೀರಂಗಪಟ್ಟಣ, ಮೈಸೂರು. ಒಂದರಲ್ಲಿ ನೊಂದು ಇನ್ನೊಂದರಲ್ಲಿ ಗೆದ್ದವರು ಮಹಾರಾಣಿ ಲಕ್ಷ್ಮಮ್ಮಣ್ಣಿಯವರು.

ಇವರು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. 1761ರಲ್ಲಿ ಅಧಿಕಾರವು ಹೈದರಾಲಿಯ ಕೈಸೇರಿತು. 1766ರಲ್ಲಿ ಪತಿ ತೀರಿಕೊಂಡರು. ಅನಂತರ ಪಟ್ಟವೇರಿದವರು ಹೆಸರಿಗಷ್ಟೇ ದೊರೆಗಳು. ರಾಣಿಯವರು ಎದೆಗುಂದಲಿಲ್ಲ. ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿ 1782ರಲ್ಲಿ ಒಪ್ಪಂದ ಮಾಡಿಕೊಂಡರು. ಮರುವರ್ಷ ಪಟ್ಟಣದೊಳಗಿನ ಒಳಸಂಚು ಬಯಲಾಗಿ, ಅದರಲ್ಲಿ ಸೇರಿದ್ದ ಹಲವರು ಪ್ರಾಣ ತೆತ್ತರು. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿದ ಮೇಲೆ ಟಿಪ್ಪು ಸುಲ್ತಾನನು ಯಾರಿಗೂ ಪಟ್ಟ ಕಟ್ಟಲಿಲ್ಲ. ರಾಣಿಯವರು ಕಾದರು.

1799ರ ಮೇ 4ರಂದು ಟಿಪ್ಪು ಮಡಿದನು. ಜೂನ್ 30ರಂದು ಐದು ತುಂಬದ ಮುಮ್ಮಡಿ ಕೃಷ್ಣರಾಜರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಮೂರು ದಶಕಗಳ ಹಟ ಗೆದ್ದಿತು. ಆದರೆ ನಾಡಿನ ಸೀಮೆಗಳನ್ನು ಕಂಪನಿಯವರೂ ನಿಜಾಮನೂ ಹಂಚಿಕೊಂಡರು. ಉಳಿದ ರಾಜ್ಯ ವರ್ಷಕ್ಕೆ ಏಳು ಲಕ್ಷ ವರಹ ತೆರಬೇಕಾಯಿತು. 1810ರಲ್ಲಿ ರಾಣಿಯವರು ಕಣ್ಮುಚ್ಚಿದರು. 1831ರಲ್ಲಿ ಅದೇ ಇಂಗ್ಲಿಷರು ಅದೇ ಕೃಷ್ಣರಾಜರಿಂದ ಆಡಳಿತವನ್ನು ಕಸಿದುಕೊಂಡರು. ವಿಧಿಯೆಂದರೆ ಇದೇ ಅಲ್ಲವೆ?

ಕಾದಂಬರಿಯ ಸಿಡ್ನಿ ಕಾರ್ಟನ್ ತನ್ನ ತಲೆಯನ್ನೇ ಕೊಟ್ಟನು. ಇಲ್ಲಿ ತಲೆ ಕೊಟ್ಟವರು ಬೇರೆಯವರು. ರಾಣಿಯವರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಆ ಮಡಿದವರನ್ನು ಮರೆತು ಮುಗಿದರೆ ಮಾತ್ರ ಅದು ಅರ್ಧ ನಮಸ್ಕಾರವೇ ಸರಿ.