ಚತುರ್ವಿಧ ಸಂಘ ಮತ್ತು ಆಚಾರ್ಯ ಶಾಂತಿಸಾಗರರು

ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಅಂಗಗಳು ಕೂಡಿದಾಗ ಅದಕ್ಕೆ ‘ಸಂಘ’ವೆಂದು ಹೆಸರು. ರೂಢಿಯಲ್ಲಿ ಮುನಿಸಮೂಹವನ್ನೇ ಸಂಘವೆನ್ನುವುದುಂಟು. ಅದು ಅವಯವಕ್ಕೆ ಅವಯವಿಯ ಹೆಸರನ್ನಿಟ್ಟಂತೆ. ಈ ಶಬ್ದದ ಪೂರ್ಣಾರ್ಥವನ್ನು ಸ್ವಂತ ಆಚರಣೆಯಿಂದ ನೆನಪಿಗೆ ತಂದವರು ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದ ಭೀಮಗೌಡ, ಸತ್ಯವತಿ ದಂಪತಿಗಳಿಗೆ 1872ರಲ್ಲಿ ಜನಿಸಿದ ಸಾತಗೌಡರು, ಮಾತಾಪಿತೃಗಳು ಇರುವವರೆಗೆ ಮನೆಯಲ್ಲಿದ್ದೇ ವ್ರತಗಳನ್ನು ಪಾಲಿಸಿದರು. ಅನಂತರ ಉತ್ತೂರಿನಲ್ಲಿ ಕ್ಷುಲ್ಲಕ ದೀಕ್ಷೆ ಪಡೆದರು.

ಆಗ ದಿಗಂಬರ ಮುನಿಗಳೇ ವಿರಳ. ಆಹಾರದ ಮನೆಯನ್ನು ಮುಂಚಿತವಾಗಿ ಗೊತ್ತುಮಾಡಿಡುವ ರೂಢಿಯೂ ಬೆಳೆದಿತ್ತು. ಶಾಂತಿಸಾಗರರು ಅದನ್ನು ಒಪ್ಪದೆ ಶಾಸ್ತ್ರವಿಧಿಯಂತೆ ಚರಿಗೆಗೆ ಹೊರಟರು. ಆದರೆ ಶ್ರಾವಕರಿಗೆ ಪ್ರತಿಗ್ರಹಣದ ಕ್ರಮವೇ ಮರೆತುಹೋಗಿತ್ತು. ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವವರಿರಲಿಲ್ಲ. ಕೆಲವು ದಿನ ಅವರು ನಿರಾಹಾರರಾಗಿಯೇ ಹಿಂದಿರುಗಿದರು. ಊರಿನಲ್ಲಿ ಅನ್ನವಿಲ್ಲದೆ ಒದಗಿದ ಉಪವಾಸವಲ್ಲ ಅದು. ಸಂಘದ ಒಂದು ಅಂಗ ಇನ್ನೊಂದನ್ನು ಮರೆತಿದ್ದರ ಫಲ. ಅವರು ನಿಯಮವನ್ನು ಸಡಿಲಿಸಲಿಲ್ಲ, ಶ್ರಾವಕರೇ ವಿಧಿಯನ್ನು ಕಲಿತರು.

1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯೂ 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯ ಪದವಿಯೂ ಲಭಿಸಿದವು. ಸಮ್ಮೇದಶಿಖರದ ಕಡೆಗೆ ಅವರು ವಿಹಾರ ಮಾಡಿದಾಗ ಶ್ರಾವಕ ಶ್ರಾವಿಕೆಯರು ಗುಂಪುಗುಂಪಾಗಿ ಜೊತೆಗೂಡಿದರು.

ಮುಂದೆ ಜೈನ ಸಮಾಜವೇ ಬೇರೊಂದು ಅವಯವಿಯ ಅವಯವವೇ ಎಂಬ ಪ್ರಶ್ನೆ ಎದ್ದಿತು. 1947ರ ಮುಂಬಯಿ ಹರಿಜನ ದೇವಾಲಯ ಪ್ರವೇಶ ಕಾನೂನು ‘ಹಿಂದೂ’ ಶಬ್ದದಲ್ಲಿ ಜೈನರನ್ನೂ ಸೇರಿಸಿತು. ಅದು ಜಿನಮಂದಿರಗಳಿಗೆ ಅನ್ವಯಿಸಕೂಡದೆಂದು ಆಚಾರ್ಯರು 1948ರಲ್ಲಿ ಅನ್ನವನ್ನು ತ್ಯಜಿಸಿದರು. ಅಸ್ಪೃಶ್ಯತಾ ನಿವಾರಣೆಯ ಮಾತು ಅದರಲ್ಲಿ ಬೆರೆತಿದ್ದುದರಿಂದ ಇದು ಸುಲಭವಾಗಿ ತೂಗಬಹುದಾದ ವಿಷಯವಲ್ಲ. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಜೈನೇತರ ಹಿಂದೂಗಳಿಗೆ ಹಕ್ಕಿಲ್ಲದ ಜಿನಮಂದಿರದಲ್ಲಿ ಆ ಕಾನೂನಿನಿಂದ ಹೊಸ ಹಕ್ಕು ಹುಟ್ಟದೆಂದು ತೀರ್ಪಿತ್ತಿತು. ಸುಮಾರು ಮೂರು ವರ್ಷಗಳ ಅನ್ನತ್ಯಾಗ ಆಗ ಮುಗಿಯಿತು.

ದೃಷ್ಟಿ ಮಂದವಾಗಿ ಸಮಿತಿಗಳ ಪಾಲನೆ ಅಸಾಧ್ಯವೆನಿಸಲು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದರು. ಅದರ ನಡುವೆ, ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರರಿಗೆ ಆಚಾರ್ಯ ಪದವನ್ನು ಒಪ್ಪಿಸಿದರು. ಸಂಘಕ್ಕೆ ಶಿರಸ್ಸಾಗಿದ್ದವರು ಮತ್ತೆ ಅದರ ಒಂದು ಅಂಗವಾಗಿ, ಕೇವಲ ಕ್ಷಪಕರಾಗಿ ಉಳಿದರು. ಕೊನೆಗೆ ನೀರನ್ನೂ ಬಿಟ್ಟು, 36ನೆಯ ದಿನವಾದ ಸೆಪ್ಟೆಂಬರ್ 18ರ ಭಾನುವಾರ ಮುಂಜಾನೆ ಸಮಾಧಿಸ್ಥರಾದರು. ಗಿರಿಯ ಮೇಲೂ ಕೆಳಗೂ ಶ್ರಾವಕ ಶ್ರಾವಿಕೆಯರು ನೆರೆದಿದ್ದರು.