ಊರಿನ ಹುಡುಗರನ್ನು ಮ್ಯಾನೇಜರರನ್ನಾಗಿಸಿದ ಟಿ. ಎ. ಪೈ

ಮುಂಬಯಿಯ ಹಳೆಯ ತಲೆಮಾರಿನ ತುಳು-ಕನ್ನಡಿಗರಿಗೆ ಸಿಂಡಿಕೇಟ್ ಬ್ಯಾಂಕ್ ಎಂದರೆ ಊರಿನವರ ಬ್ಯಾಂಕ್. ಅದನ್ನು ದೇಶದುದ್ದಕ್ಕೂ ಬೆಳೆಸಿದವರಲ್ಲಿ ಪ್ರಮುಖರು ತೋನ್ಸೆ ಅನಂತ ಪೈ. ಬ್ಯಾಂಕರ್, ಕೇಂದ್ರ ಸಚಿವ ಎಂದು ಹೆಸರಾದ ಅವರು ಆಡಳಿತಗಾರರನ್ನು ತಯಾರು ಮಾಡಿದ ಗುರುವೂ ಹೌದು.

1922ರ ಜನವರಿ 17ರಂದು ಜನಿಸಿದ ಪೈಯವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ವಾಣಿಜ್ಯ ಶಿಕ್ಷಣ ಪಡೆದರು. ತಂದೆ ಉಪೇಂದ್ರ ಪೈ, ಚಿಕ್ಕಪ್ಪ ಡಾ. ಟಿ. ಎಂ. ಎ. ಪೈ ಹಾಗೂ ವಾಮನ ಕುಡ್ವರು 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ್ದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸೇರಿ, ಇಪ್ಪತ್ತರ ಹರೆಯದಲ್ಲೇ ಜನರಲ್ ಮ್ಯಾನೇಜರ್ ಆದರು.

ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯಿಂದ ಬೆಳೆದ ಬ್ಯಾಂಕ್ ಹಳ್ಳಿ ಹಳ್ಳಿಗೂ ಕಾಲಿಡುತ್ತಿತ್ತು. ಪ್ರತಿ ಶಾಖೆಗೂ ಒಬ್ಬ ಮ್ಯಾನೇಜರ್ ಬೇಕು. ಪಟ್ಟಣದ ಅನುಭವಿಗಳು ಹಳ್ಳಿಗೆ ಹೋಗಲು ಸಿದ್ಧರಿರುವುದು ಅಪರೂಪ; ತಪ್ಪು ಕೈಗೆ ಕೊಟ್ಟರೆ ಬಡವರ ಠೇವಣಿಗೇ ಸಂಚಕಾರ. ಅವಿಭಜಿತ ದಕ್ಷಿಣ ಕನ್ನಡದ ಸಾಮಾನ್ಯ ಕುಟುಂಬಗಳ ಯುವಕರನ್ನು ನೇಮಿಸಿ, ತರಬೇತಿ ನೀಡಿ, ಜವಾಬ್ದಾರಿ ವಹಿಸುವುದೇ ಬ್ಯಾಂಕ್ ಕಂಡುಕೊಂಡ ದಾರಿ. ಸಿಬ್ಬಂದಿಗಾಗಿ ಮಣಿಪಾಲದಲ್ಲಿ ತರಬೇತಿ ಕಾಲೇಜೂ ನಡೆಯಿತು. ರೈತರ ಸಾಲದ ಕೆಲಸಕ್ಕೆ ಕೃಷಿ ಪದವೀಧರರು ಬಂದರು. 1960ರ ದಶಕದಲ್ಲಿ ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಮಹಿಳೆಯರೇ ನಡೆಸುವ ಶಾಖೆ ತೆರೆಯಿತು. ಗುಮಾಸ್ತರಾಗಿ ಸೇರಿದ ಎಷ್ಟೋ ಮಂದಿ ಮ್ಯಾನೇಜರರಾಗಿ ನಿವೃತ್ತರಾದರು.

1965ರಲ್ಲಿ ಆರಂಭವಾದ ಭಾರತೀಯ ಆಹಾರ ನಿಗಮಕ್ಕೆ ಪೈಯವರೇ ಪ್ರಥಮ ಅಧ್ಯಕ್ಷರು. 1969ರಲ್ಲಿ ಬ್ಯಾಂಕ್ ರಾಷ್ಟ್ರೀಕರಣಗೊಂಡಿತು. ಮರುವರ್ಷ ಅವರು ಮುಂಬಯಿಯಲ್ಲಿ ಜೀವ ವಿಮಾ ನಿಗಮದ ಚುಕ್ಕಾಣಿ ಹಿಡಿದರು. 1972ರಲ್ಲಿ ಪದ್ಮಭೂಷಣ ಪ್ರಶಸ್ತಿ ಅರಸಿ ಬಂತು. ಅದೇ ವರ್ಷ ರೈಲ್ವೆ ಸಚಿವರಾಗಿ, ಬಳಿಕ ಬೃಹತ್ ಕೈಗಾರಿಕಾ ಸಚಿವರಾಗಿ ಸೇವೆ ಸಲ್ಲಿಸಿದರು. ಸಾವಿರಾರು ನೌಕರರ ಸಂಸ್ಥೆಗಳನ್ನು ಹೀಗೆ ಒಂದರ ಮೇಲೊಂದರಂತೆ ಹತ್ತಿರದಿಂದ ಕಂಡವರಿಗೆ, ಬಂಡವಾಳವನ್ನು ಹೊಂದಿಸುವುದಕ್ಕಿಂತ ಸಮರ್ಥ ಆಡಳಿತಗಾರರನ್ನು ಹೊಂದಿಸುವುದೇ ಕಷ್ಟ ಎಂಬುದು ತಿಳಿಯದ ವಿಷಯವೇನಲ್ಲ.

ಆ ಅನುಭವವೆಲ್ಲ ಫಲ ಕೊಟ್ಟಿದ್ದು 1980ರಲ್ಲಿ, ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಗೆ ಅವರು ಅಡಿಪಾಯ ಹಾಕಿದಾಗ. ಆದರೆ ಅದರ ಬೆಳವಣಿಗೆ ನೋಡುವ ಭಾಗ್ಯ ಅವರಿಗಿರಲಿಲ್ಲ. 1981ರ ಮೇ 29ರಂದು, 59ರ ಹರೆಯದಲ್ಲಿ ಅವರು ನಿಧನರಾದರು. ಸಂಸ್ಥೆಗೆ ಅವರದೇ ಹೆಸರಿಡಲಾಯಿತು.

2020ರ ಎಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಶಾಖೆಗಳ ನಾಮಫಲಕ ಬದಲಾದರೂ ಟಿ. ಎ. ಪೈ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಮಣಿಪಾಲದಲ್ಲಿ ವರ್ಷ ವರ್ಷವೂ ಹೊಸ ಮ್ಯಾನೇಜರರನ್ನು ರೂಪಿಸುತ್ತಿದೆ.